ಮಂಜರಾಬಾದಿನ ಬೆಟ್ಟಗಳೂ ವಿಶ್ವದ ವಕ್ರತೆಯ ಮಾಪನವೂ

ಹಾಸನ ಜಿಲ್ಲೆಯ ಪಶ್ಚಿಮದಂಚಿನಲ್ಲಿ ಹೇಮಾವತೀ ನದಿಯ ದಡದಲ್ಲಿರುವ ಸಕಲೇಶಪುರದ ಸೀಮೆಗೆ ಬಹುಕಾಲ ಮಂಜರಾಬಾದೆಂದೇ ಹೆಸರಿದ್ದಿತೆಂಬುದನ್ನು ಈ ಪ್ರಾಂತದ ಭಕ್ತರೆಲ್ಲರೂ ಬಲ್ಲರು. ಪಟ್ಟಣಕ್ಕೆ ಸಮೀಪದಲ್ಲಿ, ಬೆಟ್ಟದ ನೆತ್ತಿಯ ಮೇಲೆ, ೧೭೯೨ರಲ್ಲಿ ಟಿಪ್ಪೂ ಸುಲ್ತಾನನು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆಯು ಇಂದಿಗೂ ನಿಂತಿರುವುದು. ಮಂಜು ಕವಿದ ಈ ಗಿರಿಶ್ರೇಣಿಯನ್ನು ಕಂಡು ಸುಲ್ತಾನನೇ ಆ ಹೆಸರನ್ನಿಟ್ಟನೆಂದು ಜನರು ಹೇಳುವರು. ಮಳೆಯು ಹಿಂದೆಗೆದು ಆಕಾಶವು ತಿಳಿಯಾದ ದಿನ ಕೋಟೆಯ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ಸಮುದ್ರವು ಗೋಚರಿಸುವುದೆಂಬ ಮಾತೂ ರೂಢಿಯಲ್ಲಿದೆ. ಇಂತಹ ಮಾತನ್ನು ಕೇಳಿ ತಲೆದೂಗುವುದಕ್ಕಿಂತಲೂ ಲೆಕ್ಕವಿಟ್ಟು ನೋಡುವುದು ಮೇಲು. ಕೋಟೆಯಿರುವ ತಾಣವು ಸಮುದ್ರಮಟ್ಟಕ್ಕಿಂತ ಸುಮಾರು ೩,೨೪೦ ಅಡಿ ಎತ್ತರದಲ್ಲಿದೆ. ಭೂಮಿಯ ಈಗಿನ ಗಾತ್ರಕ್ಕೆ ಅಷ್ಟು ಎತ್ತರದಿಂದ ದಿಗಂತವು ಸುಮಾರು ೭೦ ಮೈಲಿ ದೂರದಲ್ಲಿರುವುದು. ಪಶ್ಚಿಮ ಕರಾವಳಿಯಾದರೋ ಅಲ್ಲಿಂದ ನೇರವಾಗಿ ಸುಮಾರು ೬೦ ಮೈಲಿ. ಆದುದರಿಂದ, ಅಡ್ಡಬೆಟ್ಟಗಳು ಮರೆಮಾಡದ ದಿಕ್ಕಿನಲ್ಲಿ ಸಮುದ್ರವು ಕಾಣಲು ಗಣಿತದ ಅಭ್ಯಂತರವೇನೂ ಇಲ್ಲ. ಭೂಮಿಯ ವ್ಯಾಸವು ಈಗಿರುವುದರ ಅರ್ಧವೇ ಆಗಿದ್ದಿದ್ದರೆ ದಿಗಂತವು ೫೦ ಮೈಲಿಯೊಳಗೇ ಮುಗಿದುಹೋಗುತ್ತಿತ್ತು, ಸಮುದ್ರವು ಭೂಮಿಯ ಬಾಗಿನ ಕೆಳಗೆ ಅಡಗಿರುತ್ತಿತ್ತು. ಎಂದರೆ ಬೆಟ್ಟದ ಮೇಲೆ ನಿಂತು ಕಡಲನ್ನು ಕಾಣುವವನು, ತಾನರಿಯದೆಯೇ, ಭೂಮಿಯ ವಕ್ರತೆಯನ್ನು ಅಳೆಯುತ್ತಿರುವನು.

ಒಂದು ವಸ್ತುವಿನೊಳಗೇ ಇದ್ದುಕೊಂಡು, ಅದರ ಹೊರಗೆ ಕಾಲಿಡದೆ, ಅದರ ಆಕಾರವನ್ನು ತಿಳಿಯಬಹುದೆ ಎಂಬುದೇ ಈ ಲೇಖನದ ವಿಚಾರ. ಗೋಡೆಯ ಮೇಲಿನ ಇರುವೆಗೆ ಗೋಡೆಯ ರೂಪವು ತಿಳಿಯದೆಂದು ಸಾಮಾನ್ಯವಾಗಿ ಹೇಳುವುದುಂಟು. ಇರುವೆಗೆ ಸರಪಳಿಯೂ ಕೋನಮಾಪಕವೂ ದೊರೆತರೆ ಆ ಮಾತು ನಿಲ್ಲದು. ಇನ್ನೂರು ವರ್ಷಗಳ ಹಿಂದೆ ಭೂಮಿಯ ಬಾಗನ್ನು ಅಳೆಯುವ ಮಹಾಕಾರ್ಯವೊಂದು ಮೈಸೂರು ಸೀಮೆಯಿಂದ ಹೊರಟು ಈ ಘಟ್ಟಗಳನ್ನು ದಾಟಿ ಮಂಗಳೂರನ್ನು ಮುಟ್ಟಿತು. ನಮ್ಮ ಕಾಲದಲ್ಲಿ ಅದೇ ನ್ಯಾಯವನ್ನು ಹಿಡಿದು, ಸರಪಳಿಗೆ ಬದಲಾಗಿ ಬೆಳಕನ್ನು ಹಿಡಿದು, ಸಮಸ್ತ ವಿಶ್ವದ ಬಾಗನ್ನು ಅಳೆಯುವ ಯತ್ನವು ನಡೆದಿದೆ. ಇವೆರಡಕ್ಕೂ ಕನ್ನಡನಾಡಿಗೂ ಇರುವ ಸಂಬಂಧವು ಅನೇಕರಿಗೆ ತಿಳಿಯದಿರುವುದರಿಂದ ಅದನ್ನು ಕ್ರಮವಾಗಿ ನಿರೂಪಿಸುವುದು ಉಚಿತವಾಗಿದೆ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ ಮೈಸೂರಿನ ರಾಜ್ಯವು ಒಡೆಯರ ವಂಶಕ್ಕೆ ಮರಳಿತಾದರೂ ಎಲ್ಲರೂ ಕೂಡಲೇ ತಲೆಬಾಗಲಿಲ್ಲ. ಬಲಂ ಸೀಮೆಯ ಪಾಳೆಯಗಾರನು ಈ ಕಾಡುಬೆಟ್ಟಗಳನ್ನೇ ಕೋಟೆಮಾಡಿಕೊಂಡು ಸ್ವತಂತ್ರನಾಗಿರಲೆಳಸಿದನು. ೧೮೦೨ರ ಜನವರಿಯಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ದಂಡೆತ್ತಿ ಬಂದು ಅರಕೆರೆಯ ನೆಲೆಯನ್ನು ಹಿಡಿದನು; ಮರುತಿಂಗಳಲ್ಲಿ ಪಾಳೆಯಗಾರನು ಸೆರೆಸಿಕ್ಕಿ ಗಲ್ಲಿಗೇರಿಸಲ್ಪಟ್ಟನು. ಆ ವೆಲ್ಲೆಸ್ಲಿಯ ಬೆಂಬಲದಿಂದಲೇ, ಅದೇ ವರ್ಷಗಳಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಭೂಮಾಪನಕ್ಕೆ ತೊಡಗಿದನು. ಒಂದೇ ಕೈ ಖಡ್ಗವನ್ನೂ ಅಳತೆಯ ಸರಪಳಿಯನ್ನೂ ಕಳುಹಿಸಿತೆಂಬುದನ್ನು ಇತಿಹಾಸವನ್ನು ಬರೆಯುವವರು ಮರೆಮಾಚಬಾರದು. ಗೆದ್ದ ನೆಲವನ್ನು ಅಳೆದುಕೊಳ್ಳುವುದು ಆಳುವವರ ಅಗತ್ಯವಾಗಿದ್ದಿತು. ಆದರೆ ಲ್ಯಾಂಬ್ಟನ್ನನ ಮನಸ್ಸು ಕೇವಲ ನಕ್ಷೆಯಲ್ಲಿ ನಿಲ್ಲಲಿಲ್ಲ. ಭೂಮಿಯು ಪೂರ್ಣಗೋಳವೆ, ಧ್ರುವಗಳಲ್ಲಿ ಎಷ್ಟು ಚಪ್ಪಟೆಯಾಗಿದೆ, ಅದರ ಬಾಗು ಸ್ಥಳದಿಂದ ಸ್ಥಳಕ್ಕೆ ಹೇಗೆ ಬದಲಾಗುವುದು ಎಂಬುದು ಅವನ ನಿಜವಾದ ಜಿಜ್ಞಾಸೆ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯ ಬೋಯಿಗಳ ಮುಖ್ಯಸ್ಥನಿಗೆ ಹೇಳಿದರೆ ಸಾಕಲ್ಲವೆ, ಇಷ್ಟೊಂದು ವೆಚ್ಚದ ಅಳತೆಯೇಕೆ ಎಂದು ಮದರಾಸಿನ ಹಣಕಾಸಿನ ಅಧಿಕಾರಿಯೊಬ್ಬನು ಹಾಸ್ಯಮಾಡಿದನಂತೆ. ಪಲ್ಲಕ್ಕಿಯವನಿಗೆ ದಾರಿಯೇನೋ ತಿಳಿದಿದ್ದಿತು, ದೂರವು ತಿಳಿದಿರಲಿಲ್ಲ.

ಅಳತೆಯ ಉಪಕರಣಗಳ ಕಥೆಯೂ ಸ್ವಾರಸ್ಯವಾದುದು. ನೂರು ಅಡಿ ಉದ್ದದ ಉಕ್ಕಿನ ಸರಪಳಿಯು ಮೂಲತಃ ಚೀನಾದೇಶದ ಚಕ್ರವರ್ತಿಗೆ ಕಾಣಿಕೆಯಾಗಿ ಹೋದ ಸಾಮಗ್ರಿಗಳಲ್ಲೊಂದು. ಅಲ್ಲಿ ಸ್ವೀಕೃತವಾಗದೆ ಕಲ್ಕತ್ತೆಗೆ ಬಂದು ಲ್ಯಾಂಬ್ಟನ್ನನ ಕೈಸೇರಿತು. ಕೋನಗಳನ್ನು ಅಳೆಯುವ ಥಿಯೊಡೊಲೈಟ್ ಎಂಬ ಯಂತ್ರವು ಲಂಡನ್ನಿನಲ್ಲಿ ತಯಾರಾಗಿ ಸುಮಾರು ಅರ್ಧ ಟನ್ ತೂಗುತ್ತಿದ್ದಿತು. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದರು. ಯುದ್ಧಕಾಲವಾಗಿದ್ದರೂ ಅಲ್ಲಿಯವರು, ಪೆಟ್ಟಿಗೆಯಲ್ಲಿರುವುದು ಶಾಸ್ತ್ರೋಪಕರಣವೆಂದು ತಿಳಿದು, ಅದನ್ನು ಗೌರವಪೂರ್ವಕವಾಗಿ ಮದರಾಸಿಗೆ ಕಳುಹಿಸಿಕೊಟ್ಟರು.

ತ್ರಿಕೋನಮಾಪನದ ವಿಧಾನವು ತಿಳಿಯಲು ಕಷ್ಟವಾದುದಲ್ಲ. ಸಮವಾದ ನೆಲದ ಮೇಲೆ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅತ್ಯಂತ ಎಚ್ಚರಿಕೆಯಾಗಿ ಅಳೆಯುವುದು. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದರ ಮೇಲಿನ ನಿಶಾನೆಗೆ ಇರುವ ಕೋನಗಳನ್ನು ಕಾಣುವುದು. ಆಗ ಆ ಬೆಟ್ಟದ ದೂರವು ಗಣಿತದಿಂದಲೇ ದೊರೆಯುವುದು. ಹೊಸದಾಗಿ ದೊರೆತ ಭುಜವನ್ನೇ ಆಧಾರಮಾಡಿಕೊಂಡು ಮತ್ತೊಂದು ಬೆಟ್ಟ, ಅಲ್ಲಿಂದ ಮಗುದೊಂದು. ಹೀಗೆ ಒಂದೇ ಸಲ ಸರಪಳಿಯೆಳೆದು ನೂರಾರು ಮೈಲಿ ದೂರದವರೆಗೆ ತ್ರಿಕೋನಗಳ ಸಾಲನ್ನು ಹೆಣೆಯಬಹುದು. ಕೋನಗಳು ಎಷ್ಟು ಬೇಕಾದರೂ ಇರಲಿ, ಒಂದಾದರೂ ಉದ್ದವನ್ನು ನೆಲದ ಮೇಲೆ ಅಳೆಯದಿದ್ದರೆ ಯಾವುದರ ಗಾತ್ರವೂ ಗೊತ್ತಾಗದೆಂಬುದನ್ನು ಇಲ್ಲಿ ಮನಸ್ಸಿನಲ್ಲಿಡಬೇಕು, ಮುಂದೆ ಬೇಕಾಗುವುದು. ಲ್ಯಾಂಬ್ಟನ್ನನ ಮೊದಲನೆಯ ಆಧಾರರೇಖೆಯು ೧೮೦೦ನೆಯ ಇಸವಿಯಲ್ಲಿ ಬೆಂಗಳೂರಿನ ಅಗರದ ಬಳಿಯಿಂದ ಬಾಣಸವಾಡಿಯ ಕಡೆಗೆ ಸುಮಾರು ೭.೪೩ ಮೈಲಿ ಉದ್ದಕ್ಕೆ ನಡೆಯಿತು. ೧೮೦೨ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಎರಡನೆಯದು ಆರಂಭವಾಯಿತು. ಅಲ್ಲಿಂದ ಹೊರಟ ತ್ರಿಕೋನಗಳ ಸಾಲು ೧೮೦೪ರಲ್ಲಿ ಬೆಂಗಳೂರನ್ನು ಮುಟ್ಟಿದಾಗ ಅವನ ಸಹಾಯಕನಾದ ಜಾನ್ ವಾರೆನ್ನನು ಅಲ್ಲಿ ಮತ್ತೊಂದು ರೇಖೆಯನ್ನು ಅಳೆದು ಪರೀಕ್ಷಿಸಿದನು. ಮದರಾಸಿನಿಂದ ಗಣಿಸಿ ತಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸವು ನಾಲ್ಕು ಅಂಗುಲಕ್ಕಿಂತಲೂ ಕಡಿಮೆ.

ಬೆಂಗಳೂರಿನಿಂದ ಪಶ್ಚಿಮಕ್ಕೆ ಸಾವನದುರ್ಗ, ಅಲ್ಲಿಂದ ಸುಮಾರು ೬೭ ಮೈಲಿ ದೂರಕ್ಕೆ ಒಂದೇ ದೃಷ್ಟಿ. ಆ ಇನ್ನೊಂದು ತುದಿಯ ಬೆಟ್ಟವನ್ನು ಲ್ಯಾಂಬ್ಟನ್ನನು 'ಮುಲ್ಲಪುನ್ನಬೆಟ್ಟ' ಎಂದು ಬರೆದಿರುವನು. ಮಲ್ಲಪ್ಪನ ಬೆಟ್ಟವೆಂಬ ಶುದ್ಧವಾದ ಹೆಸರು ಆಂಗ್ಲೇಯನ ಕಿವಿಯಲ್ಲಿ ಹೀಗಾಯಿತೆಂದು ತೋರುತ್ತದೆ. ಮಲ್ಲಯ್ಯನ ಹೆಸರಿನ ಬೆಟ್ಟಗಳು ನಮ್ಮ ನಾಡಿನಲ್ಲಿ ಹೆಜ್ಜೆಹೆಜ್ಜೆಗೂ ಇರುವುದಷ್ಟೆ. ಈ ಎರಡು ಬೆಟ್ಟಗಳು ಹೆಚ್ಚುಕಡಿಮೆ ಪೂರ್ವಪಶ್ಚಿಮವಾಗಿರುವುದರಿಂದ, ರೇಖಾಂಶದ ಒಂದು ಡಿಗ್ರಿಯ ಉದ್ದವನ್ನು, ಎಂದರೆ ಆ ದಿಕ್ಕಿನಲ್ಲಿ ಭೂಮಿಯ ಬಾಗನ್ನು, ಇವುಗಳ ನಡುವೆಯೇ ಅವನು ಗಣಿಸಿದನು. ಅಲ್ಲಿಂದ ಮುಂದೆ ಸಾಲು ಘಟ್ಟವನ್ನು ದಾಟಿ ಮಂಗಳೂರಿಗೆ ಇಳಿಯಿತು. ಅದುವರೆಗಿನ ನಕ್ಷೆಗಳಲ್ಲಿ ಆ ಅಕ್ಷಾಂಶದಲ್ಲಿ ಕಡಲಿಂದ ಕಡಲಿಗೆ ೪೦೦ ಮೈಲಿಯೆಂದಿದ್ದುದು ಅಳತೆಯಲ್ಲಿ ೩೬೦ ಮೈಲಿಯೇ ಆಯಿತು. ಒಂದು ಯುದ್ಧವೂ ಇಲ್ಲದೆ ೪೦ ಮೈಲಿ ಅಗಲದ ನೆಲವು ನಕ್ಷೆಯಿಂದ ಮಾಯವಾಯಿತು!

ಘಟ್ಟದ ಕೆಲಸವೆಂದರೆ ಏನೆಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಾದುದಿಲ್ಲ. ಮಂಜು ತೆರೆಯುವವರೆಗೆ ನೆತ್ತಿಯ ಮೇಲೆ ಕಾದುಕುಳಿತಿರಬೇಕು. ತೆರೆದ ಗಳಿಗೆಯಲ್ಲಿ ಎದುರು ಬೆಟ್ಟದ ಬಾವುಟವು ಕಾಣಬೇಕು. ಆ ಬಾವುಟವನ್ನು ಹಿಡಿದವನು ಜ್ವರದಲ್ಲಿ ಬಿದ್ದಿರಬಾರದು. ಅರ್ಧ ಟನ್ನಿನ ಯಂತ್ರವನ್ನು ಹೊತ್ತವರ, ಕಾಡು ಕಡಿದು ದೃಷ್ಟಿಗೆ ದಾರಿಮಾಡಿದವರ, ಮಲೆಜ್ವರಕ್ಕೆ ತುತ್ತಾದ ನಮ್ಮ ಜನರ ಹೆಸರುಗಳು ಆ ದೊಡ್ಡ ಗ್ರಂಥಗಳಲ್ಲಿ ದೊರೆಯುವುದಿಲ್ಲ. ಕಾಯಕವನ್ನೇ ಧರ್ಮದ ಮೂಲವೆಂದೆಣಿಸುವ ಪರಂಪರೆಯವರಾದರೂ ಇದನ್ನು ನೆನೆಯುವುದು ನ್ಯಾಯ.

ಇನ್ನು ವಕ್ರತೆಯ ಮರ್ಮಕ್ಕೆ ಬರಬಹುದು. ಸಮತಲದ ಮೇಲೆ ಬರೆದ ತ್ರಿಕೋನದ ಮೂರು ಕೋನಗಳ ಮೊತ್ತವು ೧೮೦ ಅಂಶವೆಂದು ಶಾಲೆಯ ಮಕ್ಕಳೂ ಅರಿತಿರುವರು. ಗೋಳದ ಮೇಲೆ ಬರೆದರೆ ಮೊತ್ತವು ಅದಕ್ಕಿಂತ ಹೆಚ್ಚುವುದು; ತ್ರಿಕೋನವು ದೊಡ್ಡದಾದಷ್ಟೂ ಹೆಚ್ಚಳವೂ ದೊಡ್ಡದು. ಒಂದು ಅಂಶಕ್ಕೆ ೬೦ ಕಲೆಗಳು, ಒಂದು ಕಲೆಗೆ ೬೦ ವಿಕಲೆಗಳು. ಭೂಮಿಯ ಮೇಲೆ ಸುಮಾರು ೭೬ ಚದರ ಮೈಲಿಗೆ ಒಂದು ವಿಕಲೆಯಂತೆ ಈ ಹೆಚ್ಚಳವು ಬರುವುದು. ಒಂದೊಂದು ಭುಜವೂ ೩೦ ಮೈಲಿಯಿರುವ ತ್ರಿಕೋನದಲ್ಲಿ ಅದು ೫ ವಿಕಲೆ. ೬೦ ಮೈಲಿಯದರಲ್ಲಿ ೨೦ ವಿಕಲೆ. ಆಲೂರಿನ ಕಡೆಯ ರೈತನು ನೀರು ನಿಲ್ಲಿಸಿ ಹದಮಾಡಿದ ಗದ್ದೆಯು ಕಣ್ಣಿಗೆ ಕನ್ನಡಿಯಂತೆ ಸಮವಾಗಿರುವುದು. ನಿಜಕ್ಕೂ ಆ ನೀರು ಭೂಮಿಯ ಬಾಗನ್ನೇ ಅನುಸರಿಸಿ ನಿಂತಿದೆ. ಗದ್ದೆ ಚಿಕ್ಕದಾದುದರಿಂದ ಬಾಗು ತೋರುವುದಿಲ್ಲ, ಅಷ್ಟೆ. ದೊಡ್ಡ ತ್ರಿಕೋನ, ಸೂಕ್ಷ್ಮವಾದ ಯಂತ್ರ ಇವೆರಡೂ ಕೂಡಿದಾಗ, ಭೂಮಿಯನ್ನು ಬಿಟ್ಟು ಮೇಲಕ್ಕೇರದೆಯೇ ಅದರ ಬಾಗು ವಿಕಲೆಗಳಲ್ಲಿ ಬರೆದಂತೆ ಕಾಣಿಸಿಕೊಳ್ಳುವುದು.

ಆದರೆ ಅಳೆಯುವವನನ್ನು ಎರಡು ವಿಷಯಗಳು ಕಾಡುತ್ತಿದ್ದವು. ಒಂದು, ಬೆಳಕು ನೇರವಾಗಿ ಬರುವುದಿಲ್ಲ. ವಾಯುಮಂಡಲದಲ್ಲಿ ಅದು ಕೊಂಚ ಬಾಗಿ ಬರುವುದು. ಸೂರ್ಯನು ದಿಗಂತದ ಕೆಳಕ್ಕೆ ಇಳಿದ ಮೇಲೂ ಸ್ವಲ್ಪಹೊತ್ತು ಕಾಣುತ್ತಿರುವುದು ಈ ಕಾರಣದಿಂದಲೇ. ಎರಡು, ಗಾರೆಯವನ ತೂಗುಗುಂಡು ಯಾವಾಗಲೂ ಭೂಮಿಯ ಮಧ್ಯಕ್ಕೇ ತೋರುವುದೆಂಬ ನೆಚ್ಚಿಕೆಯಿಲ್ಲ. ಹತ್ತಿರದಲ್ಲಿ ಭಾರವಾದ ವಸ್ತುರಾಶಿಯಿದ್ದರೆ ಅದು ಗುಂಡನ್ನು ತನ್ನ ಕಡೆಗೆ ಸೆಳೆಯುವುದು. ಬೆಂಗಳೂರಿನ ದೊಡ್ಡಗುಂಟದಲ್ಲಿ ನಕ್ಷತ್ರಗಳಿಂದ ಕಂಡ ಅಕ್ಷಾಂಶವು ತ್ರಿಕೋನಗಳಿಂದ ಬಂದುದರೊಡನೆ ಹೊಂದದಿದ್ದಾಗ ಲ್ಯಾಂಬ್ಟನ್ನನು ನೆಲದೊಳಗಿನ ಸಾಂದ್ರವಾದ ಪದಾರ್ಥವೇ ತೂಗುಗುಂಡನ್ನು ಸೆಳೆದಿರಬೇಕೆಂದು ಊಹಿಸಿ, ಆ ಹೊಂದದಿಕೆಯನ್ನು ಅಡಗಿಸದೆ ಪ್ರಕಟಿಸಿದನು. ಅವನ ತರುವಾಯ ಬಂದ ಜಾರ್ಜ್ ಎವರೆಸ್ಟನು ಉತ್ತರದಲ್ಲಿ ಕಲ್ಯಾಣಪುರಕ್ಕೂ ಕಲಿಯಾನಕ್ಕೂ ನಡುವೆ ೫.೨೩೬ ವಿಕಲೆಗಳ ಇಂತಹುದೇ ವ್ಯತ್ಯಾಸವನ್ನು ಕಂಡು ಅದನ್ನು ಅಳತೆಯ ದೋಷವೆಂದೆಣಿಸಿ ಎಲ್ಲ ತ್ರಿಕೋನಗಳ ಮೇಲೆ ಹಂಚಿಬಿಟ್ಟನು. ಈ ಎರಡು ನಡತೆಗಳಲ್ಲಿ ಮೊದಲನೆಯದೇ ಶಾಸ್ತ್ರಕ್ಕೆ ಹೆಚ್ಚು ಉಪಕಾರಿಯಾಯಿತು. ಕಲ್ಕತ್ತೆಯಲ್ಲಿ ಕ್ರೈಸ್ತ ಧರ್ಮಾಧಿಕಾರಿಯಾಗಿದ್ದ ಜಾನ್ ಪ್ರ್ಯಾಟನು ೧೮೫೫ರ ವೇಳೆಗೆ ಹಿಮಾಲಯದ ಸೆಳೆತವನ್ನು ಗಣಿಸಿದಾಗ ೧೫ ವಿಕಲೆಗಿಂತ ಹೆಚ್ಚು ಬಂದಿತು. ಇಷ್ಟು ದೊಡ್ಡ ಪರ್ವತವು ಎಳೆಯಬೇಕಾದುದಕ್ಕಿಂತ ಕಡಿಮೆ ಎಳೆಯುವುದೇಕೆ? ಪರ್ವತಗಳಿಗೆ ಹಗುರವಾದ ಬೇರುಗಳು ಭೂಮಿಯೊಳಕ್ಕೆ ಇಳಿದಿರುವುವೆಂಬ ಏರಿಯ ಸಿದ್ಧಾಂತವು ಆ ಪ್ರಶ್ನೆಯಿಂದಲೇ ಹುಟ್ಟಿತು. ಅಳತೆಗೆ ಅಡ್ಡಿಯೆನಿಸಿದ ಸೆಳೆತವೇ ಕಾಣದ ರಾಶಿಯನ್ನು ತೂಗುವ ತಕ್ಕಡಿಯಾಯಿತು.

ಬೆಳಕಿನ ಬಾಗು, ರಾಶಿಯ ಸೆಳೆತ ಇವೆರಡೂ ಬೇರೆಬೇರೆಯಾಗಿ ಲ್ಯಾಂಬ್ಟನ್ನನನ್ನು ಕಾಡುತ್ತಿದ್ದ ಅದೇ ಕಾಲದಲ್ಲಿ, ೧೮೦೧ರಲ್ಲಿ, ಜರ್ಮನಿಯ ಯೋಹಾನ್ ಸೋಲ್ಡ್ನರನು ಇವೆರಡನ್ನೂ ಒಂದುಗೂಡಿಸಿ ಸೂರ್ಯನ ರಾಶಿಯು ತನ್ನ ಬಳಿ ಹಾಯುವ ಬೆಳಕನ್ನು ೦.೮೪ ವಿಕಲೆಯಷ್ಟು ಬಾಗಿಸಬೇಕೆಂದು ಲೆಕ್ಕಹಾಕಿದನು. ಅದನ್ನು ಅಂದು ಯಾರೂ ಲಕ್ಷಿಸಲಿಲ್ಲ. ೧೮೨೭ರಲ್ಲಿ ಗೌಸನು, ಮೇಲ್ಮೈಯೊಂದರ ವಕ್ರತೆಯನ್ನು ಅದರ ಮೇಲಿನ ಅಳತೆಗಳಿಂದಲೇ ತಿಳಿಯಬಹುದೆಂದು ಗಣಿತದಿಂದ ಸಾಧಿಸಿದನು. ಅವನೂ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನವಿಟ್ಟು ತನ್ನ ನಾಡನ್ನು ಅಳೆದವನೇ. ೧೮೫೪ರಲ್ಲಿ ರೀಮಾನನು ಆ ವಿಚಾರವನ್ನು ಆಕಾಶಕ್ಕೇ ವಿಸ್ತರಿಸಿದನು. ೧೯೧೫ರಲ್ಲಿ ಐನ್‌ಸ್ಟೈನನು ರಾಶಿಯೇ ಆಕಾಶವನ್ನು ಬಾಗಿಸುವುದೆಂದೂ ಸೂರ್ಯನ ಅಂಚಿನಲ್ಲಿ ಬೆಳಕು ಸೋಲ್ಡ್ನರನ ಲೆಕ್ಕದ ಎರಡರಷ್ಟು, ಸುಮಾರು ೧.೭೫ ವಿಕಲೆ, ಬಾಗುವುದೆಂದೂ ತೋರಿಸಿದನು. ೧೯೧೯ರ ಮೇ ೨೯ರ ಪೂರ್ಣಗ್ರಹಣದಲ್ಲಿ ಆಂಗ್ಲೇಯರ ಎರಡು ತಂಡಗಳು ಅದನ್ನು ನಿಜವೆಂದು ಕಂಡವು.

ಇಲ್ಲಿ ಗುರುಶಿಷ್ಯಪರಂಪರೆಯಂತಹ ಒಂದು ಸಂಬಂಧವನ್ನು ಗಮನಿಸಬೇಕು. ಬೆಂಗಳೂರಿನ ರೇಖೆಯನ್ನು ಅಳೆದ ವಾರೆನ್ನನೇ ೧೮೦೫ರಿಂದ ಕೆಲವು ವರ್ಷ ಮದರಾಸಿನ ವೇಧಶಾಲೆಯನ್ನು ನೋಡಿಕೊಂಡನು. ನಮ್ಮ ಪಂಚಾಂಗಗಳ ಗಣಿತವನ್ನು ಕುರಿತು 'ಕಾಲಸಂಕಲಿತ'ವೆಂಬ ಗ್ರಂಥವನ್ನು ಬರೆದವನೂ ಇವನೇ. ಆ ವೇಧಶಾಲೆಯ ಕೆಲಸವು ೧೮೯೯ರಲ್ಲಿ ಕೊಡೈಕನಾಲಿಗೆ ಹೋಯಿತು. ಅಲ್ಲಿಯ ಎವರ್‌ಷೆಡ್ಡನು ೧೯೨೨ರಲ್ಲಿ ಬೆಳಕಿನ ಬಾಗನ್ನು ಪರೀಕ್ಷಿಸಲು ಆಸ್ಟ್ರೇಲಿಯದ ವಾಲ್ಲಾಲಿಗೆ ಹೋಗಿ ಉಪಕರಣದ ತೊಂದರೆಯಿಂದ ಬರಿಗೈಯಲ್ಲಿ ಮರಳಿದನು. ಅದೇ ಸ್ಥಳದಲ್ಲಿ ಅಮೆರಿಕದ ತಂಡವು ಸಫಲವಾಯಿತು. ಆ ಕೊಡೈಕನಾಲಿನ ಸಂಸ್ಥೆಯೇ ೧೯೭೧ರಲ್ಲಿ ಭಾರತೀಯ ಖಭೌತ ಸಂಸ್ಥೆಯೆಂಬ ಹೆಸರಿನಿಂದ ಸ್ವತಂತ್ರವಾಗಿ, ಬೆಂಗಳೂರಿನಲ್ಲಿ ನೆಲೆನಿಂತಿತು. ಲ್ಯಾಂಬ್ಟನ್ನನ ತ್ರಿಕೋನಗಳಿಗೆ ರೇಖಾಂಶದ ಮೊದಲನ್ನು ಕೊಟ್ಟ ವೇಧಶಾಲೆಯ ವಂಶವು ಹೀಗೆ ಅವನ ಮೊದಲನೆಯ ಆಧಾರರೇಖೆಯ ಊರಿಗೇ ಬಂದು ಸೇರಿತು.

ಬಾಗಿಸುವ ವಸ್ತುವು ಸೂರ್ಯನಲ್ಲದೆ ಕೋಟಿಕೋಟಿ ನಕ್ಷತ್ರಗಳ ಸಮೂಹವಾದ ಗ್ಯಾಲಕ್ಸಿಯೇ ಆಗಿದ್ದರೆ, ಅದರ ಹಿಂದೆ ಬಹುದೂರದಲ್ಲಿರುವ ಜ್ಯೋತಿಯ ಬೆಳಕು ಎರಡು ಮೂರು ದಾರಿಗಳಲ್ಲಿ ಬಾಗಿ ನಮ್ಮನ್ನು ಸೇರುವುದು. ಒಂದೇ ಜ್ಯೋತಿಯು ಎರಡಾಗಿ, ನಾಲ್ಕಾಗಿ, ಕೆಲವೊಮ್ಮೆ ಬಳೆಯಂತೆ ಕಾಣುವುದು. ಗಾಜಿನ ಮಸೂರವು ಬೆಳಕನ್ನು ಬಾಗಿಸುವಂತೆ ರಾಶಿಯು ಬಾಗಿಸುವುದರಿಂದ ಇದಕ್ಕೆ ಗುರುತ್ವಮಸೂರವೆಂದು ಹೆಸರು. ಗ್ಯಾಲಕ್ಸಿಗಳು ಹೀಗೆ ಮಸೂರಗಳಾಗಬಹುದೆಂದು ಜ್ವಿಕಿಯು ೧೯೩೭ರಲ್ಲೇ ಹೇಳಿದನು. ೧೯೭೯ರಲ್ಲಿ ವಾಲ್ಷ್, ಕಾರ್ಸ್ವೆಲ್, ವೈಮನ್ ಎಂಬ ಮೂವರು ಮೊದಲನೆಯದನ್ನು ಕಂಡರು. ಸುಮಾರು ೬ ವಿಕಲೆಗಳ ಅಂತರದಲ್ಲಿರುವ ಎರಡು ಕ್ವೇಸಾರುಗಳು ನಿಜಕ್ಕೂ ಒಂದೇ ಕ್ವೇಸಾರೆಂದು ತಿಳಿಯಿತು.

ಎರಡು ದಾರಿಗಳ ಉದ್ದವು ಬೇರೆಯಾದುದರಿಂದ, ಮೂಲಜ್ಯೋತಿಯು ಒಮ್ಮೆ ಪ್ರಜ್ವಲಿಸಿದರೆ ಒಂದು ಬಿಂಬದಲ್ಲಿ ಅದು ಮೊದಲು ತೋರಿ ಇನ್ನೊಂದರಲ್ಲಿ ತಡವಾಗಿ ತೋರುವುದು. ಈ ವಿಳಂಬದಿಂದ ದೂರಗಳನ್ನು ಅಳೆಯಬಹುದೆಂದು ನಾರ್ವೆಯ ರೆಫ್ಸ್‌ಡಾಲನು ೧೯೬೪ರಲ್ಲಿ ಬರೆದನು. ಮೇಲೆ ಮನಸ್ಸಿನಲ್ಲಿಡಬೇಕೆಂದ ಮಾತು ಇಲ್ಲಿ ಫಲಿಸುವುದು. ಬಿಂಬಗಳ ನಡುವಣ ಅಂತರವು ಕೋನಮಾತ್ರ. ಕೋನದಿಂದ ಗಾತ್ರವು ಬಾರದು. ವಿಳಂಬದ ದಿನಗಳನ್ನು ಬೆಳಕಿನ ವೇಗದಿಂದ ಗುಣಿಸಿದರೆ ಬರುವುದು ಉದ್ದ. ಅದೇ ಆಕಾಶದ ಆಧಾರರೇಖೆ. ಲ್ಯಾಂಬ್ಟನ್ನನ ಉಕ್ಕಿನ ಸರಪಳಿಯ ಸ್ಥಾನದಲ್ಲಿ ಇಲ್ಲಿ ಕಾಲವೇ ಸರಪಳಿ.

ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ ಸುಮಾರು ೪,೫೦೦ ಮೀಟರ್ ಎತ್ತರದಲ್ಲಿ ಎರಡು ಮೀಟರ್ ಕನ್ನಡಿಯ ದೂರದರ್ಶಕವನ್ನು ಸ್ಥಾಪಿಸಿರುವರು. ೨೦೦೦ದಲ್ಲಿ ಅದು ಮೊದಲ ಬೆಳಕನ್ನು ಕಂಡಿತು. ಸುಬ್ರಹ್ಮಣ್ಯನ್ ಚಂದ್ರಶೇಖರರ ನೆನಪಿಗಾಗಿ ಅದಕ್ಕೆ ಹಿಮಾಲಯನ್ ಚಂದ್ರ ದೂರದರ್ಶಕವೆಂದು ಹೆಸರು. ಹಿಮದ ನಾಡಿನ ಆ ಯಂತ್ರವನ್ನು ನಡೆಸುವುದು ಬೆಂಗಳೂರಿಗೆ ಸಮೀಪದ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ಈ ದೂರದರ್ಶಕವೂ ಉಜ್ಬೇಕಿಸ್ತಾನದ ಮೈದಾನಕ್, ಸ್ಪೇನಿನ ಲಾ 'ಪಾಲ್ಮಾ ದ್ವೀಪದ ಮರ್ಕೇಟರ್ ಎಂಬ ದೂರದರ್ಶಕಗಳೂ ಜೊತೆಗೂಡಿ ಕ್ವೇಸಾರೊಂದರ ಎರಡು ಬಿಂಬಗಳನ್ನು ವರ್ಷಗಟ್ಟಲೆ ನೋಡಿದವು. ೨೦೧೩ರಲ್ಲಿ ಪ್ರಕಟವಾದ ಫಲ: ಎರಡು ಬಿಂಬಗಳ ನಡುವಣ ವಿಳಂಬವು ೧೧೯.೩ ದಿನ, ಹೆಚ್ಚುಕಡಿಮೆ ೩.೩ ದಿನದ ಸಂದೇಹದೊಡನೆ. ಒಂದು ಸಂಖ್ಯೆಗಾಗಿ ಇಷ್ಟು ರಾತ್ರಿಗಳ ಜಾಗರಣೆ! ಬಾವುಟವು ಕಾಣಲೆಂದು ಮಂಜಿನಲ್ಲಿ ಕಾದವರ ತಾಳ್ಮೆಯೂ ಇದೇ ಜಾತಿಯದು.

ಈಗ ವಿಶ್ವದ ವಕ್ರತೆ. ಅದಕ್ಕೆ ಮೂರು ಸಾಧ್ಯತೆಗಳು. ಚೆಂಡಿನ ಮೈಯಂತೆ ತನ್ನೊಳಗೇ ಮುಚ್ಚಿಕೊಂಡು ಬಾಗಿರಬಹುದು; ಹದಮಾಡಿದ ಗದ್ದೆಯಂತೆ ಸಮವಾಗಿರಬಹುದು; ಎರಡು ಶಿಖರಗಳ ನಡುವಣ ಘಟ್ಟದ ದಾರಿಯ ನೆತ್ತಿಯಂತೆ ಒಂದು ದಿಕ್ಕಿಗೆ ಏರಿ ಇನ್ನೊಂದು ದಿಕ್ಕಿಗೆ ಇಳಿದಿರಬಹುದು. ಗುರುತ್ವಮಸೂರದಲ್ಲಿ ಮೂರು ದೂರಗಳು ಸೇರಿರುವುವು: ನಮ್ಮಿಂದ ಮಸೂರಕ್ಕೆ, ನಮ್ಮಿಂದ ಮೂಲಜ್ಯೋತಿಗೆ, ಮಸೂರದಿಂದ ಮೂಲಜ್ಯೋತಿಗೆ. ವಿಶ್ವವು ಹಿಗ್ಗುತ್ತಿರುವುದಕ್ಕೆ ತಕ್ಕ ತಿದ್ದುಪಡಿಯನ್ನು ಮಾಡಿದ ಮೇಲೆ, ಆಕಾಶವು ಸಮವಾಗಿದ್ದರೆ ಎರಡನೆಯದರಿಂದ ಮೊದಲನೆಯದನ್ನು ಕಳೆದಾಗ ಮೂರನೆಯದು ಸರಿಯಾಗಿ ಬರಬೇಕು. ಚೆಂಡಿನಂತೆ ಬಾಗಿದ್ದರೆ ಮೂರನೆಯದು ಅದಕ್ಕಿಂತ ಹೆಚ್ಚಾಗುವುದು, ಘಟ್ಟದ ನೆತ್ತಿಯಂತಿದ್ದರೆ ಕಡಿಮೆಯಾಗುವುದು. ತ್ರಿಕೋನದ ಕೋನಗಳ ಮೊತ್ತದಿಂದ ಭೂಮಿಯ ಬಾಗನ್ನು ಕಂಡ ನ್ಯಾಯವೇ ಇದು. ೨೦೧೫ರಲ್ಲಿ ಫಿನ್ಲೆಂಡಿನ ರಾಸಾನೆನ್ ಮತ್ತು ಅವರ ಸಂಗಡಿಗರು ಮಸೂರಗಳನ್ನೂ ಸ್ಫೋಟಿಸುವ ನಕ್ಷತ್ರಗಳ ದೂರಗಳನ್ನೂ ಜೋಡಿಸಿ ಹೀಗೆ ಪರೀಕ್ಷಿಸಿದರು. ಫಲವು ಸಮವಾದ ಆಕಾಶಕ್ಕೆ ಹೊಂದಿತಾದರೂ ಅಳತೆಯು ಇನ್ನೂ ಒರಟಾದುದು.

ಇದಕ್ಕಿಂತ ಸೂಕ್ಷ್ಮವಾದುದು ವಿಶ್ವದ ಆದಿಯ ಬೆಳಕಿನಿಂದ ಬಂದ ಅಳತೆ. ವಿಶ್ವವು ಹುಟ್ಟಿ ಸುಮಾರು ೩,೮೦,೦೦೦ ವರ್ಷಗಳಾದಾಗ ಹೊರಟ ಬೆಳಕು ಇಂದಿಗೂ ಎಲ್ಲ ದಿಕ್ಕಿನಿಂದಲೂ ಬರುತ್ತಿರುವುದು. ಅದರಲ್ಲಿಯ ಮಚ್ಚೆಗಳು ಸುಮಾರು ಒಂದು ಅಂಶದಷ್ಟು ಅಗಲ. ಆಕಾಶವು ಬಾಗಿದ್ದರೆ ಆ ಮಚ್ಚೆಗಳು ದೊಡ್ಡವಾಗಿಯೋ ಚಿಕ್ಕವಾಗಿಯೋ ತೋರಬೇಕು. ಆದರೆ ಬೇರೆ ಕಾರಣಗಳಿಂದಲೂ ಹಾಗೆ ತೋರಬಹುದಾದುದರಿಂದ ಮಚ್ಚೆಗಳ ಅಗಲವೊಂದೇ ಸಾಕ್ಷಿ ಸಾಲದು. ಆ ಬೆಳಕು ದಾರಿಯುದ್ದಕ್ಕೂ ಗ್ಯಾಲಕ್ಸಿಗಳ ರಾಶಿಯಿಂದ ಒಂದೆರಡು ಕಲೆಗಳಷ್ಟು ಬಾಗಿ ಬಂದಿರುವುದು. ಆ ಬಾಗನ್ನೇ ಅಳೆದರೆ ಸಂದೇಹವು ಬಹುಮಟ್ಟಿಗೆ ಪರಿಹಾರವಾಗುವುದು. ೨೦೦೯ರಲ್ಲಿ ಯೂರೋಪಿನವರು ಹಾರಿಸಿದ ಪ್ಲಾಂಕ್ ಉಪಗ್ರಹದ ೨೦೧೮ರ ಫಲಗಳನ್ನು ಈ ಬಾಗಿನೊಡನೆಯೂ ಗ್ಯಾಲಕ್ಸಿಗಳ ಹರಡಿಕೆಯ ಅಳತೆಯೊಡನೆಯೂ ಕೂಡಿಸಿದಾಗ ವಿಶ್ವವು ಸಾವಿರದಲ್ಲಿ ಎರಡು ಭಾಗದಷ್ಟು ಸಂದೇಹದೊಳಗೆ ಸಮವೆಂದು ಬಂದಿತು. ೨೦೧೯ರಲ್ಲಿ ಡಿ ವ್ಯಾಲೆಂಟಿನೊ, ಮೆಲ್ಕಿಯೋರಿ, ಸಿಲ್ಕ್ ಎಂಬ ಮೂವರು ಇದನ್ನು ಪ್ರಶ್ನಿಸಿದರು: ಆದಿಯ ಬೆಳಕಿನ ಮಚ್ಚೆಗಳನ್ನು ಮಾತ್ರ ನೋಡಿದರೆ ಅವು ಎಣಿಕೆಗಿಂತ ಹೆಚ್ಚು ಮಸೂರಿತವಾಗಿವೆ, ಅದು ಮುಚ್ಚಿದ ವಿಶ್ವಕ್ಕೇ ಹೊಂದುವುದು, ಹೊಂದದ ಅಳತೆಗಳನ್ನು ಒಟ್ಟುಗೂಡಿಸಿ ಸಮವೆನ್ನುವುದು ಸಾಧುವಲ್ಲ ಎಂದು. ಎಫ್ಸ್ಟಾಥಿಯೋ ಮೊದಲಾದವರು ಇದನ್ನು ಒಪ್ಪಲಿಲ್ಲ. ಹೆಚ್ಚಿನ ವಿದ್ವಾಂಸರು ಸಮವೆಂಬ ಪಕ್ಷದಲ್ಲಿರುವರು. ಆದರೂ ಮೂವರ ಆಕ್ಷೇಪದ ತಿರುಳು ತಳ್ಳಿಹಾಕತಕ್ಕದ್ದಲ್ಲ. ಎವರೆಸ್ಟನು ಹಂಚಿಬಿಟ್ಟ ೫ ವಿಕಲೆಗಳಲ್ಲಿ ಪರ್ವತಗಳ ಬೇರುಗಳೇ ಅಡಗಿದ್ದುವಷ್ಟೆ.

ಶರಣರು ಹೇಳಿದ ಬಯಲು ಈ ಸಮವಾದ ಆಕಾಶವೇ ಎಂದು ಉತ್ಸಾಹದಿಂದ ಕೂಡಿಸಿ ಹೇಳುವವರು ಇರಬಹುದು. ಅದು ಯುಕ್ತವಲ್ಲ. ಬಯಲೆಂಬುದು ಅನುಭಾವದಲ್ಲಿ ತಿಳಿಯತಕ್ಕದ್ದು. ಅದಕ್ಕೆ ಹೆಚ್ಚುಕಡಿಮೆಯ ಸಂದೇಹವಿಲ್ಲ, ವಿಕಲೆಗಳಿಲ್ಲ. ದೂರದರ್ಶಕದ ಆಕಾಶವಾದರೋ ಅಳತೆಗೆ ಒಳಗಾದುದು, ನಾಳಿನ ಅಳತೆಯಿಂದ ತಿದ್ದಲ್ಪಡುವುದು. ಇವುಗಳಲ್ಲಿ ಒಂದನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ನಿಲ್ಲಿಸಿದರೆ ಎರಡಕ್ಕೂ ಅಪಚಾರ. ನಮ್ಮವರಿಗೆ ಹೆಮ್ಮೆ ಬೇಕಾದರೆ ಆರ್ಯಭಟನು ೪೯೯ರಷ್ಟು ಹಿಂದೆಯೇ ಭೂಮಿಯನ್ನು ಗೋಳವೆಂದಿಟ್ಟು ಗಣಿಸಿದುದು ಇದೆ; ಅದು ನಿಜವಾದ ಹೆಮ್ಮೆ, ಲೆಕ್ಕದಿಂದ ಬಂದುದು.

ಮಸೂರಗಳ ಸಂಖ್ಯೆಯು ಹೆಚ್ಚಿದಷ್ಟೂ ಅಳತೆಯು ನಯವಾಗುವುದು. ೧೯೭೯ರಲ್ಲಿ ಒಂದೇ ಒಂದು ತಿಳಿದಿದ್ದಿತು. ೨೦೨೩ರ ಜುಲೈ ಒಂದರಂದು ಯೂರೋಪಿನವರು ಹಾರಿಸಿದ ಹೊಸ ದೂರದರ್ಶಕವು ೨೦೨೫ರ ಮಾರ್ಚಿಯಲ್ಲಿ ಹೊರಬಿದ್ದ ತನ್ನ ಮೊದಲ ಕಂತಿನ ಚಿತ್ರಗಳಲ್ಲೇ ಸುಮಾರು ೫೦೦ ಮಸೂರಗಳಿರಬಹುದೆಂದು ತೋರಿಸಿದೆ. ಆಕಾಶದ ಮೂರನೆಯ ಒಂದು ಭಾಗವನ್ನು ಅದು ನೋಡಬೇಕಾಗಿದೆ. ಸಮತಲದ ರೇಖಾಗಣಿತವನ್ನು ಲೋಕಕ್ಕೆ ಕಲಿಸಿದ ಗ್ರೀಕ್ ಪಂಡಿತನ ಹೆಸರನ್ನೇ ಅದಕ್ಕೆ ಇಟ್ಟಿರುವರು: ಯೂಕ್ಲಿಡ್.